ಮನ್ನಾರ್ ಕೊಲ್ಲಿಯ ಕಡಲತಳ: ಲೆಕ್ಕವಿಲ್ಲದ ರಕ್ಷಣೆ ರಕ್ಷಣೆಯೇ?

ರಾಮೇಶ್ವರ ಯಾತ್ರೆ ಕೈಗೊಳ್ಳುವ ನಮ್ಮ ಕನ್ನಡ ಕುಟುಂಬಗಳು ಮಂಡಪಂ ದಾಟಿ ಪಾಂಬನ್ ಸೇತುವೆಯ ಮೇಲೆ ಸಾಗುವಾಗ ಎರಡೂ ಬದಿಯ ಕಡಲನ್ನು ಕಣ್ತುಂಬ ನೋಡಿಕೊಳ್ಳುವುದು ವಾಡಿಕೆ. ಉತ್ತರಕ್ಕೆ ಪಾಕ್ ಕೊಲ್ಲಿ, ದಕ್ಷಿಣಕ್ಕೆ ಮನ್ನಾರ್ ಕೊಲ್ಲಿ. ದಕ್ಷಿಣದ ಈ ನೀರು ದೇಶದ ಅತ್ಯಂತ ಸಮೃದ್ಧ ಸಾಗರ ಪ್ರದೇಶಗಳಲ್ಲೊಂದು ಎಂಬುದು ಯಾತ್ರಿಕರಲ್ಲಿ ಬಹುಮಂದಿಗೆ ತಿಳಿದಿರಲಾರದು. ಮಂಡಪಂನಿಂದ ತೂತ್ತುಕುಡಿಯವರೆಗೆ ಕರಾವಳಿಯುದ್ದಕ್ಕೂ ಹರಡಿರುವ 21 ದ್ವೀಪಗಳನ್ನೂ ಅವುಗಳ ಸುತ್ತಣ ಆಳವಲ್ಲದ ನೀರನ್ನೂ ಒಳಗೊಂಡ 560 ಚದರ ಕಿಲೋಮೀಟರ್ ಪ್ರದೇಶವನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 1989ರಲ್ಲಿ ಇದನ್ನು ಒಳಗೊಂಡ 10,500 ಚದರ ಕಿಲೋಮೀಟರ್ ವಿಸ್ತಾರದ ಜೀವಗೋಳ ಮೀಸಲು ಪ್ರದೇಶ ಅಸ್ತಿತ್ವಕ್ಕೆ ಬಂದಿತು.

ಈ ಕೊಲ್ಲಿ ಮತ್ತೆ ಸುದ್ದಿಯಲ್ಲಿದೆ. 2025ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ತೈಲ ಮತ್ತು ಅನಿಲ ಅನ್ವೇಷಣೆಗೆ ಕರೆದ ಹತ್ತನೆಯ ಸುತ್ತಿನ ಹರಾಜಿನಲ್ಲಿ ಕಾವೇರಿ ಜಲಾನಯನದ ಸುಮಾರು 10 ಸಾವಿರ ಚದರ ಕಿಲೋಮೀಟರ್ ಆಳಸಮುದ್ರದ ವಲಯವೊಂದು ಸೇರಿತ್ತು. ಅದು ಮನ್ನಾರ್ ಕೊಲ್ಲಿಗೆ ಹಾನಿ ತರಬಹುದೆಂದು ಅದೇ ಮಾರ್ಚ್‌ನಲ್ಲಿ ತಮಿಳುನಾಡಿನ ಅಂದಿನ ಮುಖ್ಯಮಂತ್ರಿ ಎಂ. ಕೆ. ಸ್ಟಾಲಿನ್ ಪ್ರಧಾನಿಗೆ ಪತ್ರ ಬರೆದರು. ಮೀನುಗಾರರೂ ವಿರೋಧ ವ್ಯಕ್ತಪಡಿಸಿದರು. ಇತ್ತ, ವರ್ಷಗಳಿಂದ ನಿಂತುಹೋಗಿರುವ ಸೇತುಸಮುದ್ರಂ ಕಾಲುವೆ ಯೋಜನೆಯನ್ನು ಪುನಃ ಕೈಗೆತ್ತಿಕೊಳ್ಳಬೇಕೆಂದು 2023ರ ಜನವರಿಯಲ್ಲಿ ತಮಿಳುನಾಡು ವಿಧಾನಸಭೆಯೇ ನಿರ್ಣಯ ಅಂಗೀಕರಿಸಿತ್ತು. ಒಂದೇ ಕಡಲನ್ನು ಕುರಿತ ಈ ಎರಡು ನಿಲುವುಗಳನ್ನು ತೂಗಿ ನೋಡಬೇಕಾದರೆ ಕೊಲ್ಲಿಯ ತಳದಲ್ಲಿ ಏನಿದೆ, ಎಷ್ಟಿದೆ, ಅದು ಹೆಚ್ಚುತ್ತಿದೆಯೇ ಕ್ಷೀಣಿಸುತ್ತಿದೆಯೇ ಎಂಬುದು ಮೊದಲು ಗೊತ್ತಾಗಬೇಕು.

ಅಳತೆಯ ಬಗೆ

ಕಾಡಿನಲ್ಲಿ ಹುಲಿಗಣತಿ ನಡೆಯುವಂತೆ ಕಡಲತಳದಲ್ಲಿಯೂ ಗಣತಿ ನಡೆಯುತ್ತದೆ. ಮೊದಲು ಸಣ್ಣ ದೋಣಿಯ ಹಿಂದೆ ಹಲಗೆ ಹಿಡಿದ ಮುಳುಗುಗಾರನನ್ನು ನಿಧಾನವಾಗಿ ಎಳೆದೊಯ್ದು, ಹವಳದ ದಿಬ್ಬಗಳು ಎಲ್ಲೆಲ್ಲಿವೆ ಎಂಬ ಸ್ಥೂಲ ಚಿತ್ರವನ್ನು ಪಡೆಯಲಾಗುತ್ತದೆ. ಅನಂತರ ಆಯ್ದ ಜಾಗಗಳಲ್ಲಿ ಆಮ್ಲಜನಕದ ಉಸಿರಾಟಕ್ಕೆ ಗಾಳಿಯ ಸಿಲಿಂಡರ್ ಹೊತ್ತ ಸಂಶೋಧಕರು 20 ಮೀಟರ್ ಉದ್ದದ ಅಳತೆಪಟ್ಟಿಯನ್ನು ತಳದ ಮೇಲೆ ಹಾಸಿ, ಅದರ ಅಡಿಯಲ್ಲಿ ಬರುವ ಪ್ರತಿಯೊಂದನ್ನೂ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ: ಜೀವಂತ ಹವಳವೇ, ಸತ್ತ ಹವಳವೇ, ಪಾಚಿಯೇ, ಮರಳೇ? ಇಪ್ಪತ್ತು ಮೀಟರಿನಲ್ಲಿ ಜೀವಂತ ಹವಳ ಒಟ್ಟು ಎಂಟು ಮೀಟರ್ ಇದ್ದರೆ ಆ ಜಾಗದ ಹವಳ ಹೊದಿಕೆ ಶೇ. 40 ಎಂದರ್ಥ. ಕಡಲಹುಲ್ಲಿನ ಬಯಲುಗಳಲ್ಲಿ ಅಳತೆಪಟ್ಟಿಯ ಜೊತೆಗೆ ಚೌಕಟ್ಟೊಂದನ್ನು ತಳದ ಮೇಲಿಟ್ಟು, ಅದರೊಳಗಿನ ಹುಲ್ಲಿನ ಜಾತಿ ಮತ್ತು ದಟ್ಟಣೆಯನ್ನು ಗುರುತಿಸುತ್ತಾರೆ.

ಉಪಗ್ರಹದ ಚಿತ್ರಗಳು ಈ ಕೆಲಸಕ್ಕೆ ನೆರವಾಗುತ್ತವೆ. ಆದರೆ ನೀರು ಕದಡಿದ್ದರೆ ಅವುಗಳಿಗೆ ತಳ ಕಾಣುವುದಿಲ್ಲ. ಯಾವ ಜಾತಿಯ ಹವಳ ಎಂಬುದನ್ನಂತೂ ಅವು ಹೇಳಲಾರವು. ಆದ್ದರಿಂದ ಮನುಷ್ಯನೇ ನೀರಿಗಿಳಿಯಬೇಕು. ಅದೂ ಒಮ್ಮೆ ಇಳಿದರೆ ಸಾಲದು. ಕಳೆದ ವರ್ಷ ಅಳೆದ ಜಾಗವನ್ನೇ, ಅದೇ ವಿಧಾನದಿಂದ ಈ ವರ್ಷವೂ ಅಳೆದಾಗ ಮಾತ್ರ ಏರಿಳಿತ ಅರಿವಿಗೆ ಬರುತ್ತದೆ.

ಅಂಕಿಗಳು ಹೇಳುವ ಕಥೆ

ತೂತ್ತುಕುಡಿಯ ಸುಗಂಧಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯು 2003ರಿಂದ 2005ರವರೆಗೆ ನಡೆಸಿದ ಸಮೀಕ್ಷೆ ಈ ದೃಷ್ಟಿಯಿಂದ ಮಹತ್ವದ್ದು. ದ್ವೀಪಗಳ ಸುತ್ತ ಸುಮಾರು 110 ಚದರ ಕಿಲೋಮೀಟರ್ ಹವಳದ ದಿಬ್ಬವಿದ್ದು, ಅದರಲ್ಲಿ 32 ಚದರ ಕಿಲೋಮೀಟರಿನಷ್ಟು ಆಗಲೇ ಹಾಳಾಗಿದೆ ಎಂಬುದು ಅದರಿಂದ ತಿಳಿದುಬಂದಿತು. ಹಾಳಾಗಲು ಮುಖ್ಯ ಕಾರಣ ಹವಳದ ಗಣಿಗಾರಿಕೆ. ಸುಣ್ಣಕ್ಕಾಗಿ, ಮನೆ ಕಟ್ಟುವ ಕಲ್ಲಿಗಾಗಿ ದಶಕಗಳ ಕಾಲ ಹವಳವನ್ನು ಒಡೆದು ಸಾಗಿಸಲಾಗುತ್ತಿತ್ತು. ರಾಷ್ಟ್ರೀಯ ಉದ್ಯಾನವೆಂಬ ಘೋಷಣೆಯಾಗಿ ಎರಡು ದಶಕ ಸಮೀಪಿಸುವವರೆಗೂ ಅದು ನಿಂತಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 2001ರಲ್ಲಿ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. 2004ರ ಸುನಾಮಿಯ ಬಳಿಕ ಹವಳದ ದಿಬ್ಬಗಳ ಮಹತ್ವ ಕರಾವಳಿಯ ಜನರಿಗೂ ಮನವರಿಕೆಯಾಯಿತು. 2005ರ ವೇಳೆಗೆ ಗಣಿಗಾರಿಕೆ ಬಹುಮಟ್ಟಿಗೆ ನಿಂತಿತು.

ಮುಂದಿನ ವರ್ಷಗಳ ಅಳತೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. 2005ರಲ್ಲಿ ಸುಮಾರು ಶೇ. 37 ಇದ್ದ ಜೀವಂತ ಹವಳದ ಹೊದಿಕೆ 2009ರಲ್ಲಿ ಶೇ. 43ರ ಸಮೀಪಕ್ಕೆ ಏರಿತು. 2010ರ ಬೇಸಗೆಯಲ್ಲಿ ಕಡಲು ಕಾದು ಹವಳಗಳು ಬಿಳಿಚಿಕೊಂಡವು, ಪ್ರಮಾಣ ಶೇ. 33ಕ್ಕೆ ಕುಸಿಯಿತು. ಕ್ರಮೇಣ ಚೇತರಿಸಿಕೊಂಡು ಶೇ. 39ರ ಹತ್ತಿರ ಬಂದಿದ್ದ ಹೊದಿಕೆ 2016ರ ತೀವ್ರ ಬಿಳಿಚುವಿಕೆಯ ನಂತರ ಶೇ. 23ಕ್ಕಿಂತಲೂ ಕೆಳಗಿಳಿಯಿತು. ಕೊಂಬೆಯಂತೆ ಕವಲೊಡೆದು ಬೇಗ ಬೆಳೆಯುವ ಹವಳಗಳು ಹೆಚ್ಚು ಸತ್ತವು. ಗುಂಡುಕಲ್ಲಿನಂತೆ ನಿಧಾನವಾಗಿ ಬೆಳೆಯುವ ಜಾತಿಗಳು ಹೆಚ್ಚು ತಾಳಿಕೊಂಡವು.

ಈ ಅಂಕಿಗಳಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮನುಷ್ಯನ ಕೈಯನ್ನು ತಡೆದರೆ ಕಡಲು ತಾನಾಗಿ ಚೇತರಿಸಿಕೊಳ್ಳಬಲ್ಲದು ಎಂಬುದು ಮೊದಲನೆಯದು. ಕಾವೇರುತ್ತಿರುವ ನೀರಿಗೆ ಉದ್ಯಾನದ ಗಡಿರೇಖೆ ಅಡ್ಡಿಯಾಗಲಾರದು ಎಂಬುದು ಎರಡನೆಯದು. ಜಗತ್ತಿನ ನಾಲ್ಕನೆಯ ವ್ಯಾಪಕ ಹವಳ ಬಿಳಿಚುವಿಕೆ ಆರಂಭವಾಗಿದೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಪ್ರಕಟಿಸಿದ್ದರಿಂದ ಈ ಎರಡನೆಯ ಸಂಗತಿ ಇನ್ನಷ್ಟು ಕಳವಳಕಾರಿಯಾಗಿದೆ. ವರ್ಷವರ್ಷವೂ ಅಳೆಯದೆ ಹೋಗಿದ್ದರೆ ಈ ಎರಡು ಕಾರಣಗಳನ್ನು ಬೇರ್ಪಡಿಸಿ ಹೇಳಲು ಯಾರಿಂದಲೂ ಸಾಧ್ಯವಾಗುತ್ತಿರಲಿಲ್ಲ.

ಅಂಕಿಗಳನ್ನು ಓದುವಾಗ ಎಚ್ಚರವೂ ಅಗತ್ಯ. 1980ರ ದಶಕದಲ್ಲಿ ಇಲ್ಲಿ 94 ಜಾತಿಯ ಹವಳಗಳು ದಾಖಲಾಗಿದ್ದವು. ಅನಂತರದ ಸಮೀಕ್ಷೆಯಲ್ಲಿ ಅದು 117ಕ್ಕೆ ಏರಿತು. ಕೊಲ್ಲಿ ಹಿಂದಿಗಿಂತ ಸಂಪದ್ಭರಿತವಾಯಿತೆಂದು ಇದರಿಂದ ಭಾವಿಸಬಾರದು. ಹೆಚ್ಚು ಜಾಗಗಳಲ್ಲಿ ಹೆಚ್ಚು ಶ್ರಮದಿಂದ ಹುಡುಕಿದ್ದರ ಫಲವಿದು.

ಹಸಿರು ಹೊದಿಕೆಯ ಅಪಾಯ

ಸಮೀಕ್ಷೆಯ ಇನ್ನೊಂದು ಪ್ರಯೋಜನವೆಂದರೆ ಮುನ್ನೆಚ್ಚರಿಕೆ. ಆಹಾರೋದ್ಯಮಕ್ಕೆ ಬೇಕಾದ ಅಂಟುವಸ್ತುವಿಗಾಗಿ ಕಪ್ಪಾಫೈಕಸ್ ಎಂಬ ಪರದೇಶದ ಕಡಲಕಳೆಯನ್ನು ಈ ಭಾಗದಲ್ಲಿ ಬೆಳೆಸಲಾಗುತ್ತಿದೆ. ಇದು ಅನೇಕ ಬಡ ಕುಟುಂಬಗಳಿಗೆ ಆದಾಯ ತಂದಿತು ಎಂಬುದು ನಿಜ. ಆದರೆ ಕುರುಸಡೈ ದ್ವೀಪದ ಬಳಿ ಅದು ಜೀವಂತ ಹವಳಗಳ ಮೇಲೆ ಹಬ್ಬಿ ಅವುಗಳನ್ನು ಮುಚ್ಚುತ್ತಿದೆಯೆಂದು 2008ರಲ್ಲಿ ಸಂಶೋಧಕರು ವರದಿ ಮಾಡಿದರು. ದಡದಲ್ಲಿ ನಿಂತವರ ಕಣ್ಣಿಗೆ ಇದು ಬೀಳುವಂತಿರಲಿಲ್ಲ. ಈಗ ರಾಮನಾಥಪುರಂ ಜಿಲ್ಲೆಯಲ್ಲಿ ಕೇಂದ್ರದ ನೆರವಿನಿಂದ ಸುಮಾರು 127 ಕೋಟಿ ರೂಪಾಯಿಯ ಕಡಲಕಳೆ ಉದ್ಯಾನದ ಯೋಜನೆ ಕೈಗೊಂಡಿರುವಾಗ, ಕೃಷಿಯ ವಿಸ್ತರಣೆಯೊಂದಿಗೆ ತಳದ ಪರಿಶೀಲನೆಯೂ ವಿಸ್ತರಿಸಬೇಕಾದುದು ನ್ಯಾಯ.

ಪಕ್ಕದ ಪಾಕ್ ಕೊಲ್ಲಿಯಲ್ಲಿ 2022ರ ಸೆಪ್ಟೆಂಬರ್‌ನಲ್ಲಿ 448 ಚದರ ಕಿಲೋಮೀಟರ್ ವಿಸ್ತಾರದ, ದೇಶದ ಮೊತ್ತಮೊದಲ ಕಡಲಹಸು ಸಂರಕ್ಷಣಾ ಮೀಸಲನ್ನು ಘೋಷಿಸಲಾಯಿತು. ಕಡಲಹಸುಗಳು ಅತ್ಯಂತ ವಿರಳ. ಅವುಗಳನ್ನು ನೇರವಾಗಿ ಎಣಿಸುವುದು ಕಷ್ಟ. ಅವು ಮೇಯುವ ಕಡಲಹುಲ್ಲಿನ ಬಯಲು ಎಷ್ಟು ಉಳಿದಿದೆ ಎಂಬ ಅಳತೆಯೇ ಆ ಮೀಸಲಿನ ಯಶಸ್ಸನ್ನು ತಿಳಿಯುವ ನಂಬಲರ್ಹ ದಾರಿ.

ತಳವನ್ನು ಬಲ್ಲವರು

ಪಾಂಬನ್ ಸುತ್ತಮುತ್ತಲಿನ ಮೀನುಗಾರ ಮಹಿಳೆಯರು ತಲೆಮಾರುಗಳಿಂದ ನೀರಿನಲ್ಲಿ ಮುಳುಗಿ, ಬರಿಗೈಯಿಂದ ಕಡಲಕಳೆ ಕಿತ್ತು ಬದುಕಿದವರು. ಉದ್ಯಾನದ ನಿರ್ಬಂಧಗಳಿಂದ ಮೊದಲು ನೊಂದವರೂ ಅವರೇ. ತಿಂಗಳಿಗೆ 12 ದಿನ ಮಾತ್ರ ಸಂಗ್ರಹಿಸಬೇಕು, ಹವಳಕ್ಕೆ ಗಾಸಿಯಾಗುವ ಲೋಹದ ಉಪಕರಣ ಬಳಸಬಾರದು ಎಂಬ ನಿಯಮಗಳನ್ನು ಅವರು ತಾವಾಗಿಯೇ ಹಾಕಿಕೊಂಡರು. ಈ ಮಹಿಳೆಯರ ನಾಯಕಿ, ಚಿನ್ನಪಾಲಂ ಗ್ರಾಮದ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಅಂತರರಾಷ್ಟ್ರೀಯ ಸೀಕಾಲಜಿ ಪ್ರಶಸ್ತಿ ಸಂದಿತು. ಇಂಥವರನ್ನು ಕೇವಲ ಅತಿಕ್ರಮಣಕಾರರೆಂದು ಕಾಣುವುದು ಅನ್ಯಾಯ ಮಾತ್ರವಲ್ಲ, ಅವಿವೇಕ. ಯಾವ ಬಂಡೆಯಲ್ಲಿ ಏನು ಬೆಳೆಯುತ್ತದೆ, ಯಾವ ತಿಂಗಳು ಮರೆಯಾಗುತ್ತದೆ ಎಂಬುದನ್ನು ಬಲ್ಲ ಅವರಿಗೆ ತರಬೇತಿ ನೀಡಿ ಸಮೀಕ್ಷೆಯಲ್ಲಿ ಸೇರಿಸಿಕೊಂಡರೆ ಅಳತೆಯೂ ನಿಖರವಾದೀತು, ಅದರ ಫಲಿತಾಂಶವನ್ನು ಊರೂ ನಂಬೀತು.

ಆಗಬೇಕಾದುದೇನು?

ತೈಲಬಾವಿಯಾಗಲಿ, ಹಡಗಿನ ಕಾಲುವೆಯಾಗಲಿ, ಯೋಜನೆ ಮುಂದಿಡುವವರು ತಾವೇ ಸಲಹೆಗಾರರನ್ನು ನೇಮಿಸಿ ಪರಿಸರ ವರದಿ ಸಿದ್ಧಪಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಕೆಲವು ತಿಂಗಳ ಅಂಥ ವರದಿ, ದಶಕಗಳ ನಿರಂತರ ಅಳತೆಗೆ ಸಮನಾಗದು. ಕಡಲತಳದ ಸ್ಥಿತಿಯನ್ನು ನಿಗದಿತ ಜಾಗಗಳಲ್ಲಿ ಪ್ರತಿವರ್ಷ ಅಳೆದು, ಫಲಿತಾಂಶವನ್ನು ತಮಿಳಿನಲ್ಲಿಯೂ ಸಾರ್ವಜನಿಕರ ಮುಂದಿಡುವುದು ಸರ್ಕಾರದ ಕರ್ತವ್ಯವಾಗಬೇಕು. ಸಮೀಪದ ನೀರಿನಲ್ಲಿ ಯಾವುದೇ ಯೋಜನೆಗೆ ಒಪ್ಪಿಗೆ ನೀಡುವ ಮುನ್ನ ಆ ದಾಖಲೆಯನ್ನೇ ಆಧಾರವಾಗಿಟ್ಟುಕೊಳ್ಳಬೇಕು.

ತಾಯ್ನಾಡಿಗೂ ಇದು ಅನ್ವಯಿಸುವ ಮಾತು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಪ್ರವಾಸಿಗರು ಅಲ್ಲಿ ಮುಳುಗಲು ಹೋಗುತ್ತಿದ್ದಾರೆ. ಹೊನ್ನಾವರದ ಬಳಿ ಅಪ್ಸರಕೊಂಡ–ಮುಗಳಿ ಸಾಗರ ವನ್ಯಧಾಮ ರೂಪುಗೊಂಡಿದೆ. ಮನ್ನಾರ್ ಕೊಲ್ಲಿಯಲ್ಲಿ ಉದ್ಯಾನದ ಘೋಷಣೆಗೂ ಮೊದಲ ಸಮಗ್ರ ಹವಳ ಸಮೀಕ್ಷೆಗೂ ನಡುವೆ ಹದಿನೇಳು ವರ್ಷಗಳು ಕಳೆದವು. ಆ ಅವಧಿಯಲ್ಲಿ ಒಡೆದುಹೋದ ಹವಳಕ್ಕೆ ಲೆಕ್ಕವಿಲ್ಲ. ಉತ್ತರ ಕನ್ನಡದ ಕಡಲಿನಲ್ಲಾದರೂ ಘೋಷಣೆಯ ಬೆನ್ನಲ್ಲೇ ಅಳತೆಯ ಕೆಲಸ ಆರಂಭವಾಗಲಿ.