ಬಲೆ ತರಿಸುವ ಮೊದಲು

"ಆನ್‌ಲೈನಲ್ಲಿ ಬಲೆ ಸಿಗುತ್ತೆ ಕಣ್ರೋ, ತರಿಸಿ ಕ್ಯಾಂಪಸ್ ಹಕ್ಕಿಗಳಿಗೆಲ್ಲ ಉಂಗುರ ಹಾಕೋಣ್ವಾ?" ಹೋದ ವಾರ ಮೆಸ್‌ನಲ್ಲಿ ಗೆಳೆಯನೊಬ್ಬ ಕೇಳಿದ. ಬೇಡ ಅಂದ್ವಿ. ಅವನು ಮುಖ ಊದಿಸಿಕೊಂಡ. ಅದಕ್ಕೇ ಇಷ್ಟು ಬರೀತಿದ್ದೀವಿ.

ಹಕ್ಕಿಯ ಕಾಲಿಗೆ ನಂಬರಿರುವ ಹಗುರ ಉಂಗುರ ತೊಡಿಸಿ ಬಿಡೋದು, ಅದು ಮತ್ತೆಲ್ಲೋ ಸಿಕ್ಕಾಗ ವಲಸೆಯ ದಾರಿ, ಆಯಸ್ಸು ತಿಳಿಯೋದು. 1899ರಲ್ಲಿ ಡೆನ್ಮಾರ್ಕಿನ ಮೇಷ್ಟ್ರು ಮಾರ್ಟೆನ್ಸನ್ ಅಲ್ಯೂಮಿನಿಯಂ ಉಂಗುರಗಳಿಂದ ಶುರುಮಾಡಿದ ಕೆಲಸ ಇದು. ನಮ್ಮ ದೇಶದಲ್ಲಿ 1927ರಲ್ಲೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಹಾಕಿತು.

ಬ್ರಿಟನ್ನಿನಲ್ಲಿ ಉಂಗುರ ಹಾಕುವವರಲ್ಲಿ ಹೆಚ್ಚಿನವರು ಸ್ವಯಂಸೇವಕರೇ. ಆದರೂ ಹೊಸಬರು ಪರವಾನಗಿಯಿರುವ ತರಬೇತುದಾರರ ಜೊತೆಗೇ ಕಲಿಯಬೇಕು. ಒಬ್ಬರೇ ಬಲೆ ಕಟ್ಟುವ ಹಂತಕ್ಕೆ ಬರಲು ಸಾಮಾನ್ಯವಾಗಿ ಒಂದೆರಡು ವರ್ಷ ಹಿಡಿಯುತ್ತೆ. ಅಷ್ಟು ದಿನ ಏನು ಕಲೀತಾರೆ? ಉಂಗುರ ಒತ್ತುವುದು ಕ್ಷಣದ ಕೆಲಸ. ಕಷ್ಟ ಇರೋದು ಅದಕ್ಕೂ ಮುಂಚೆ. ಬಲೆಗೆ ಬಿದ್ದ ಹಕ್ಕಿ ಯಾವ ಬದಿಯಿಂದ ಬಂತು ಅಂತ ನೋಡಿ ಆ ಬದಿಯಿಂದಲೇ ಬಿಡಿಸಬೇಕು. ತೋರುಬೆರಳು, ನಡುಬೆರಳುಗಳ ನಡುವೆ ಅದರ ಕತ್ತು, ಅಂಗೈಗೆ ಬೆನ್ನು. ಗಾಬರಿಯಲ್ಲಿ ಎದೆ ಅದುಮಿದರೆ ಮುಗೀತು. ನಮಗಿರುವಂಥ ವಪೆ ಹಕ್ಕಿಗಿಲ್ಲ, ಎದೆಗೂಡು ಅಲುಗಾಡಿದರಷ್ಟೇ ಅದಕ್ಕೆ ಉಸಿರು. ಆಮೇಲೆ ಕಾಲಿನ ದಪ್ಪಕ್ಕೆ ತಕ್ಕ ಅಳತೆಯ ಉಂಗುರ, ರೆಕ್ಕೆಯ ಉದ್ದ, ತೂಕ, ಗರಿ ನೋಡಿ ವಯಸ್ಸು. ಮಳೆ ಬಂದರೆ ಬಲೆ ಮುಚ್ಚಲೇಬೇಕು. ಫಸ್ಟ್ ಇಯರ್ ಲ್ಯಾಬಿನಲ್ಲಿ ನಾವು ವರ್ನಿಯರ್ ರೀಡಿಂಗ್ ಪಕ್ಕದ ಬೆಂಚಿನಿಂದ ನಕಲು ಮಾಡಿದವರು; ಇಲ್ಲಿ ಅದು ನಡೆಯಲ್ಲ.

ಇನ್ನು ಕಾನೂನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ಅನುಮತಿಯಿಲ್ಲದೆ ಕಾಡುಹಕ್ಕಿ ಹಿಡಿಯೋದು ಅಪರಾಧ, ಉದ್ದೇಶ ಎಷ್ಟೇ ಒಳ್ಳೆಯದಿರಲಿ.

ಹಾಗಂತ ಈಗಿನ ಸ್ಥಿತಿ ಸರಿಯಿದೆ ಅಂತಲ್ಲ. ನಮ್ಮಲ್ಲಿ ಈ ಕೆಲಸ ಹೆಚ್ಚಾಗಿ ಸಂಶೋಧಕರ ಕೈಯಲ್ಲೇ ಇದೆ. ಆಸಕ್ತಿಯಿರುವ ವಿದ್ಯಾರ್ಥಿ ಗುರುವಿನ ಕೆಳಗೆ ಹಂತಹಂತವಾಗಿ ಕಲಿಯುವ ದಾರಿ ಇಲ್ಲೂ ಆಗಬೇಕು, ನಿಧಾನವಾದರೂ ಚಿಂತೆಯಿಲ್ಲ.

ಅಲ್ಲಿಯವರೆಗೆ? ಹಾಕಿದ್ದನ್ನು ಓದೋರೂ ಬೇಕಲ್ವಾ. ಮಂಗೋಲಿಯಾದಲ್ಲಿ ಕುತ್ತಿಗೆಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಮೈಸೂರಿನ ಹತ್ತಿರದ ಹದಿನಾರು ಕೆರೆಯಲ್ಲಿ ಕಂಡಿವೆ. ಅದರ ಮೇಲಿನ ಅಕ್ಷರ ಓದಲು ಬಲೆ ಬೇಡ, ಬೈನಾಕ್ಯುಲರ್ ಮತ್ತು ತಾಳ್ಮೆ ಸಾಕು. ಚಳಿಗಾಲದ ರಜೆಗೆ ಹೊರಟಿದ್ದೀವಿ. ಮುಖ ಊದಿಸಿಕೊಂಡವನೂ ಬರ್ತಾನಂತೆ, ಅಣ್ಣನ ಕ್ಯಾಮೆರಾ ತರ್ತಾನಂತೆ. ಬರೋರು ಹೆಸರು ಕೊಡಿ.