ಬಿಡದಿ ಉಪನಗರ: ನೀಲನಕ್ಷೆಯಲ್ಲಿ ಇಲ್ಲದಿರುವುದು ಗಡುವು

ಬೆಂಗಳೂರು: ಬಿಡದಿಯ ಬಳಿ ಹೊಸ ನಗರ ನಿರ್ಮಿಸುವ ಮಾತು ಇಂದಿನದಲ್ಲ. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಜೆಡಿಎಸ್-ಬಿಜೆಪಿ ಮೈತ್ರಿ ಸರ್ಕಾರ 2006ರಲ್ಲಿ ಬಿಡದಿ, ರಾಮನಗರ, ಸಾತನೂರು, ಸೋಲೂರು ಹಾಗೂ ನಂದಗುಡಿಗಳಲ್ಲಿ ಐದು ಉಪನಗರಗಳ ಯೋಜನೆ ಪ್ರಕಟಿಸಿತ್ತು. ಅವುಗಳಲ್ಲಿ ಒಂದೂ ತಲೆ ಎತ್ತಲಿಲ್ಲ. 2025ರಲ್ಲಿ ಕಾಂಗ್ರೆಸ್ ಸರ್ಕಾರ ಸುಮಾರು 9 ಸಾವಿರ ಎಕರೆ ವ್ಯಾಪ್ತಿಯ ಬಿಡದಿ ಯೋಜನೆಗೆ ಮರುಜೀವ ನೀಡಿ, ಕೃತಕ ಬುದ್ಧಿಮತ್ತೆ ಆಧಾರಿತ ನಗರವೆಂದು ಬಣ್ಣಿಸಿತು. ಅದೇ ವರ್ಷ ಬೈರಮಂಗಲದ ರೈತರು ಬೀದಿಗಿಳಿದಾಗ, ಹಿಂದೆ ಯೋಜನೆ ತಂದಿದ್ದ ಜೆಡಿಎಸ್ ಅವರ ಬೆನ್ನಿಗೆ ನಿಂತಿತು.

ಯೋಜಿತ ನಗರದ ಆಕರ್ಷಣೆಯನ್ನು ಅಲ್ಲಗಳೆಯಲಾಗದು. ಮೊದಲು ಬಡಾವಣೆ, ಆಮೇಲೆ ಒಳಚರಂಡಿ ಎಂಬ ಬೆಂಗಳೂರಿನ ರೂಢಿಯನ್ನು ತಿರುವುಮುರುವು ಮಾಡಲು ಇಲ್ಲಿ ಅವಕಾಶವಿದೆ. ರಸ್ತೆ ಅಗೆಯುವ ಮುನ್ನವೇ ಕೊಳವೆ, ಕೇಬಲ್ ಹೂಳಬಹುದು. ಉದ್ಯೋಗದ ಸಮೀಪದಲ್ಲೇ ವಸತಿ ಒದಗಿಸಬಹುದು. ವೃಷಭಾವತಿ ಹೊತ್ತು ತರುವ ರಾಜಧಾನಿಯ ಕೊಳಚೆಯಿಂದ ಕೆಟ್ಟಿರುವ ಬೈರಮಂಗಲ ಕೆರೆ ಶುದ್ಧವಾದರೆ ಅದೇ ದೊಡ್ಡ ಸಾಧನೆ.

ಆದರೆ ಇಂತಹ ನಗರ ಮೇಲೇಳಲು ದಶಕಗಳು ಬೇಕು, ಸರ್ಕಾರದ ಅವಧಿಯೋ ಐದೇ ವರ್ಷ. ಈ ಅಂತರದಲ್ಲಿ ಏನಾಗಬಹುದೆಂಬುದಕ್ಕೆ ನೆರೆಯ ಆಂಧ್ರಪ್ರದೇಶದ ಅಮರಾವತಿ ಸಾಕ್ಷಿ. ಅಲ್ಲಿ ರೈತರು ಅಭಿವೃದ್ಧಿಪಡಿಸಿದ ನಿವೇಶನದ ಭರವಸೆಯ ಮೇಲೆ 33 ಸಾವಿರಕ್ಕೂ ಅಧಿಕ ಎಕರೆ ಒಪ್ಪಿಸಿದರು. 2015ರ ಅಕ್ಟೋಬರ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. 2019ರಲ್ಲಿ ಸರ್ಕಾರ ಬದಲಾಗಿ ಮೂರು ರಾಜಧಾನಿಗಳ ಪ್ರಸ್ತಾವ ಬಂತು, ಕಾಮಗಾರಿ ಸ್ಥಗಿತಗೊಂಡಿತು. 2022ರಲ್ಲಿ ಹೈಕೋರ್ಟ್ ರೈತರ ಪರ ತೀರ್ಪಿತ್ತರೂ, ಕಾಮಗಾರಿಗೆ ಮತ್ತೆ ಚಾಲನೆ ದೊರೆತದ್ದು 2024ರಲ್ಲಿ ಪುನಃ ಸರ್ಕಾರ ಬದಲಾದ ನಂತರ, 2025ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ರೈತನ ಬದುಕಿನ ಹತ್ತು ವರ್ಷ ಸಂದಿತ್ತು.

ಬಿಡದಿಯಲ್ಲೂ ರೈತರ ಮುಂದಿಟ್ಟಿರುವುದು ಪರಿಹಾರದ ಹಣ ಅಥವಾ ಅಭಿವೃದ್ಧಿಪಡಿಸಿದ ಭೂಮಿಯ ಪಾಲು. ಎರಡನೆಯದನ್ನು ಆರಿಸಿಕೊಂಡವನು ವಸ್ತುತಃ ಸರ್ಕಾರಕ್ಕೆ ಸಾಲ ಕೊಟ್ಟಂತೆ. ನಗರವೇ ಆಗದಿದ್ದರೆ ಆ ನಿವೇಶನಕ್ಕೆ ಬೆಲೆ ಎಲ್ಲಿಯದು? ರೇಷ್ಮೆ, ತೆಂಗು, ಹೈನುಗಾರಿಕೆಯ ಕೂಲಿಯನ್ನೇ ನಂಬಿದ ಭೂರಹಿತರಿಗಂತೂ ನಿವೇಶನದ ಪ್ರಶ್ನೆಯೇ ಉದ್ಭವಿಸದು.

ಆದ್ದರಿಂದ ಚರ್ಚೆ ಪರಿಹಾರದ ಮೊತ್ತಕ್ಕೇ ಸೀಮಿತವಾಗಬಾರದು. ನಿವೇಶನ ಹಸ್ತಾಂತರದ ದಿನಾಂಕ, ಅಲ್ಲಿಯವರೆಗೆ ವಾರ್ಷಿಕ ಭತ್ಯೆ, ಗಡುವು ಮೀರಿದರೆ ಭೂಮಿ ಮರಳಿಸುವ ಹೊಣೆ, ಇವು ಕಾನೂನಿನಲ್ಲೇ ನಮೂದಾಗಬೇಕು. ಕೃಷಿಕೂಲಿಗಳ ಪುನರ್ವಸತಿಯೂ ಅದರಲ್ಲಿ ಸೇರಬೇಕು. ಮುಂದೆ ಯಾವ ಪಕ್ಷ ಅಧಿಕಾರಕ್ಕೆ ಬಂದರೂ ಬದ್ಧವಾಗುವಂತೆ ವಿಧಾನಸಭೆಯಲ್ಲಿ ಇದು ತೀರ್ಮಾನವಾಗಲಿ. ಎರಡು ದಶಕ ಅನಿಶ್ಚಯದಲ್ಲೇ ಕಳೆದ ಹಳ್ಳಿಗಳಿಂದ ಮತ್ತಷ್ಟು ತಾಳ್ಮೆ ನಿರೀಕ್ಷಿಸುವ ನೈತಿಕ ಹಕ್ಕು ಯಾವ ಪಕ್ಷಕ್ಕೂ ಉಳಿದಿಲ್ಲ.