ಹೈಸ್ಕೂಲಿಗೆ ಸೇರುವಾಗ ಯಾವ ವಿಷಯ?

ಎಂಟನೇ ತರಗತಿಗೆ ಸೇರುವ ಮಗುವಿಗೆ ಸಾಮಾನ್ಯವಾಗಿ ಹದಿಮೂರು ವರ್ಷ. ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಆಗ ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆ ಯಾವುದೆಂದು ಹೇಳಬೇಕು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಎಲ್ಲರಿಗೂ ಕಡ್ಡಾಯ. ಹಾಗಾಗಿ ಆಯ್ಕೆ ಅಂತ ಏನಾದರೂ ಇದ್ದರೆ ಅದು ಭಾಷೆಗಳಲ್ಲಿ ಮಾತ್ರ. ಶಾಲೆಯ ಕಚೇರಿಯಲ್ಲಿ ಈ ನಿರ್ಧಾರ ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬರುವ ಪ್ರಶ್ನೆ, ‘ಯಾವುದು ಸ್ಕೋರಿಂಗ್ ಸಬ್ಜೆಕ್ಟ್ ಸಾರ್?’ ಎಂಬುದು. ಮಗು ಪಕ್ಕದಲ್ಲೇ ನಿಂತಿರುತ್ತದೆ. ಅದನ್ನು ಯಾರೂ ಏನೂ ಕೇಳುವುದಿಲ್ಲ.

ಈ ಪ್ರಶ್ನೆಯೇ ತಪ್ಪು ಎಂಬುದು ನನ್ನ ವಾದ. ಪ್ರೌಢಶಾಲೆಯ ಮೊದಲ ವರ್ಷಗಳಲ್ಲಿ ಒಂದು ವಿಷಯವನ್ನು ಆರಿಸುವಾಗ ಕೇಳಬೇಕಾದದ್ದು ಬೇರೆ: ಈಗ ಕಲಿಯದೆ ಬಿಟ್ಟರೆ ಮುಂದೆ ಕಲಿಯಲು ಆಗುತ್ತದೆಯೆ? ಆಗುತ್ತದೆ ಎನ್ನುವುದಾದರೆ ಆ ವಿಷಯದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಗುವುದಿಲ್ಲ ಎನ್ನುವುದಾದರೆ ಅಂಕ ಎಷ್ಟೇ ಕಡಿಮೆ ಬರಲಿ, ಅದನ್ನು ಬಿಡಬಾರದು.

ಎಸ್ಸೆಸ್ಸೆಲ್ಸಿಯ ಲೆಕ್ಕ ಎಲ್ಲರಿಗೂ ಗೊತ್ತಿದೆ. ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಮಗು ಯಾವ ಭಾಷೆಯಲ್ಲಿ ಗಟ್ಟಿಯಾಗಬೇಕೋ ಅದಕ್ಕೆ ಹೆಚ್ಚು ತೂಕ ಇರಲಿ ಎಂಬ ಅರ್ಥವೇ ಆ ಹೆಚ್ಚಿನ 25 ಅಂಕಕ್ಕಿರುವುದು. ಆದರೆ ಇದೇ 25 ಅಂಕ ಭಾಷೆಯನ್ನು ಬಿಡಿಸುವ ಆಮಿಷವಾಗಿಬಿಟ್ಟಿದೆ. ಮನೆಯಲ್ಲಿ ಕನ್ನಡ ಮಾತನಾಡುವ, ಊರಿನಲ್ಲಿ ಕನ್ನಡವನ್ನೇ ಕೇಳುವ ಎಷ್ಟೋ ಮಕ್ಕಳು ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಳ್ಳುವುದು ಕಾಳಿದಾಸನ ಮೇಲಿನ ಪ್ರೀತಿಗಲ್ಲ. ಅಲ್ಲಿ ಪ್ರಶ್ನೆಗಳ ಜಾಡು ಗೊತ್ತಿರುತ್ತದೆ, ಶ್ಲೋಕ ಬಾಯಿಪಾಠವಾಗಿರುತ್ತದೆ, ಕೆಲವು ಉತ್ತರಗಳನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು, 125ಕ್ಕೆ 125 ಬರುತ್ತದೆ. ಸಂಸ್ಕೃತವನ್ನು ನಿಜವಾಗಿ ಕಲಿಯುವ ಮಗುವಿನ ಬಗ್ಗೆ ನನಗೆ ತುಂಬು ಗೌರವ ಇದೆ. ಆ ಭಾಷೆಗೂ ಈ ಲೆಕ್ಕಾಚಾರದಿಂದ ಅನ್ಯಾಯವೇ ಆಗಿದೆ. ಮೂರು ವರ್ಷ ಓದಿ ಪೂರ್ಣಾಂಕ ತೆಗೆದ ವಿದ್ಯಾರ್ಥಿಗೆ ಆಮೇಲೆ ಒಂದು ಸರಳ ವಾಕ್ಯವನ್ನೂ ಸ್ವಂತವಾಗಿ ಕಟ್ಟಲು ಬರದಿದ್ದರೆ ಸಂಸ್ಕೃತಕ್ಕೆ ಸಿಕ್ಕಿದ್ದೇನು?

ಇದು ಹೊಸ ಜಗಳವಲ್ಲ. ಪ್ರಥಮ ಭಾಷೆಗಳ ಪಟ್ಟಿಯಲ್ಲಿ ಸಂಸ್ಕೃತಕ್ಕೆ ಇರುವ ಸ್ಥಾನದ ಸುತ್ತ ಎದ್ದ ವಿವಾದದಿಂದಲೇ 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ಹುಟ್ಟಿತು. 1981ರ ಜನವರಿಯಲ್ಲಿ ಬಂದ ವರದಿ ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಿರಲಿ, ಅದಕ್ಕೆ 150 ಅಂಕ ಇರಲಿ ಎಂದಿತು. ಅದನ್ನು ಜಾರಿಗೆ ತರಬೇಕೆಂದು ನಡೆದ ಚಳವಳಿ, 1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದದ್ದು, ಗುಂಡೂರಾವ್ ಸರ್ಕಾರ ಮಣಿದದ್ದು, ಆಮೇಲೆ ವಿಷಯ ನ್ಯಾಯಾಲಯಗಳ ಮೆಟ್ಟಿಲೇರಿದ್ದು ಎಲ್ಲ ನಮ್ಮ ಇತಿಹಾಸ. 2015ರಲ್ಲಿ ಬಂದ ಕನ್ನಡ ಭಾಷಾ ಕಲಿಕಾ ಕಾಯ್ದೆ ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಹಂತ ಹಂತವಾಗಿ ಕಲಿಸಬೇಕೆಂದು ವಿಧಿಸಿತು. ಕಾಯ್ದೆ ಬೇಕಿತ್ತು, ಸರಿ. ಆದರೆ ಭಾಷೆಯನ್ನು ಅರ್ಜಿಯಲ್ಲಿ ಬರೆಸುವುದು ಕಾಯ್ದೆಯ ಕೆಲಸ, ಅದನ್ನು ಮಗುವಿಗೆ ಓದಿಸಿ ಬರೆಯಿಸಿ ಕಲಿಸುವುದು ಮನೆಯ ಮತ್ತು ಮೇಷ್ಟ್ರ ಕೆಲಸ. ನಲವತ್ತು ವರ್ಷಗಳಲ್ಲಿ ನಾವು ಮೊದಲನೆಯದರ ಬಗ್ಗೆ ಮಾತಾಡಿದಷ್ಟು ಎರಡನೆಯದರ ಬಗ್ಗೆ ಮಾತಾಡಲಿಲ್ಲ.

ಭಾಷೆಯನ್ನು ಈಗ ಬಿಟ್ಟು ಆಮೇಲೆ ಕಲಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಮಾತನಾಡಲು ಕಲಿಯಬಹುದು. ಹೊರ ರಾಜ್ಯದಿಂದ ಬಂದವರು ಮೂವತ್ತರ ವಯಸ್ಸಿನಲ್ಲಿ ಚೆನ್ನಾಗಿ ಕನ್ನಡ ಕಲಿತದ್ದನ್ನು ನಾವೆಲ್ಲ ನೋಡಿದ್ದೇವೆ. ಆದರೆ ದೀರ್ಘವಾದ ಗದ್ಯವನ್ನು ತಡವರಿಸದೆ ಓದುವುದು, ಒಂದು ವಿಚಾರವನ್ನು ಎರಡು ಪುಟ ಹಿಡಿದು ಬರೆಯುವುದು ಹದಿಮೂರರಿಂದ ಹದಿನಾರರ ನಡುವೆ ಕೈಗೆ ಕೂಡುವ ವಿದ್ಯೆ. ಅದು ತಪ್ಪಿದರೆ ಏನಾಗುತ್ತದೆಂದು ತಾಲೂಕು ಕಚೇರಿಯಲ್ಲಿ ನೋಡಬೇಕು. ಇಂಜಿನಿಯರಿಂಗ್ ಮುಗಿಸಿದ ಮಗ ಅಪ್ಪನ ಜೊತೆ ಬಂದಿರುತ್ತಾನೆ. ಕೈಯಲ್ಲಿ ಪಹಣಿ. ಅದರಲ್ಲಿ ‘ಖರಾಬು’, ‘ಹಿಸ್ಸಾ’, ‘ಸ್ವಾಧೀನದಾರರು’ ಅಂತೆಲ್ಲ ಇದೆ. ಹುಡುಗ ಅಕ್ಷರ ಕೂಡಿಸಿ ಓದುತ್ತಾನೆ, ಅರ್ಥವಾಗುವುದಿಲ್ಲ. ಕೊನೆಗೆ ಏಳನೇ ಕ್ಲಾಸು ಓದಿದ ಅಪ್ಪನೇ ಕಾಗದ ಇಸಿದುಕೊಂಡು ಗುಮಾಸ್ತರ ಹತ್ತಿರ ಮಾತಾಡುತ್ತಾನೆ. ತನ್ನದೇ ಜಮೀನಿನ ಕಾಗದವನ್ನು ಓದಲಾರದ ಈ ಪದವೀಧರ ಹತ್ತನೇ ತರಗತಿಯಲ್ಲಿ ಭಾಷೆಗೆ ನೂರಕ್ಕೆ ತೊಂಬತ್ತೆಂಟು ತೆಗೆದವನೇ ಇರಬಹುದು.

ಉದ್ಯೋಗದ ಕಡೆಯಿಂದ ನೋಡಿದರೂ ಲೆಕ್ಕ ಬೇರೆಯೇ ಇದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕರ ನೇಮಕಾತಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಬೇರೆ ಪರೀಕ್ಷೆ ಇಲ್ಲ, ಹತ್ತನೇ ತರಗತಿಯ ಅಂಕಗಳ ಮೇಲೆ ಪಟ್ಟಿ ಮಾಡುತ್ತಾರೆ. ಸ್ಕೋರಿಂಗ್ ವಾದಿಗಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಲಿಕ್ಕಿಲ್ಲ. ಆದರೆ ಅಲ್ಲೇ ಇನ್ನೂ ಎರಡು ಷರತ್ತುಗಳಿವೆ: ಹತ್ತರಲ್ಲಿ ಗಣಿತ ಮತ್ತು ಇಂಗ್ಲಿಷ್ ಪಾಸಾಗಿರಬೇಕು, ಸ್ಥಳೀಯ ಭಾಷೆಯನ್ನು ಕನಿಷ್ಠ ಪ್ರೌಢಶಾಲೆಯವರೆಗೆ ಓದಿರಬೇಕು. ಅಂಕಕ್ಕಾಗಿ ಕನ್ನಡ ಬಿಟ್ಟ ಮಗುವಿಗೆ ಅದೇ ಅಂಕ ತನ್ನೂರಿನ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಂಕ ಮುಖ್ಯವೇ ಅಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಉಳ್ಳವರು ಆಡಬಹುದಾದ ಮಾತು. ಮನೆಯಲ್ಲಿ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದ ಮಗುವಿಗೆ ಒಳ್ಳೆಯ ಪಿಯು ಕಾಲೇಜಿನ ಸೀಟು, ವಿದ್ಯಾರ್ಥಿ ವೇತನ, ಹಾಸ್ಟೆಲಿನ ಜಾಗ ಎಲ್ಲವೂ ಶೇಕಡಾವಾರಿನ ಮೇಲೆಯೇ ನಿಂತಿರುತ್ತವೆ. ಆ ತಾಯಿತಂದೆ ಅಂಕದ ಬಗ್ಗೆ ಯೋಚಿಸುವುದು ದುರಾಸೆಯಲ್ಲ, ಜವಾಬ್ದಾರಿ. ಆದರೂ ಎರಡು ಸಂಗತಿಗಳನ್ನು ಅವರ ಮುಂದೆ ಇಡಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪಿಯು ಸೇರುವಾಗ ದೊಡ್ಡದಾಗಿ ಕಾಣುತ್ತದೆ. ಇನ್ನೆರಡು ವರ್ಷ ಕಳೆದರೆ ಹೆಚ್ಚಿನವರಿಗೆ ಅದು ಹುಟ್ಟಿದ ದಿನಾಂಕದ ದಾಖಲೆ. ಇನ್ನು ಎಂಟು ಮತ್ತು ಒಂಬತ್ತನೇ ತರಗತಿಯ ಅಂಕಗಳನ್ನು ಬಹುತೇಕ ಯಾರೂ, ಎಲ್ಲೂ, ಎಂದೂ ಕೇಳುವುದಿಲ್ಲ.

ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಇಡೀ ಪ್ರಶ್ನೆಯ ತಿರುಳು ಇಲ್ಲಿದೆ. ಎಂಟು, ಒಂಬತ್ತು ನಮ್ಮ ವ್ಯವಸ್ಥೆಯಲ್ಲಿ ಮಗುವಿಗೆ ಸಿಗುವ ಕೊನೆಯ ಬಿಡುವಿನ ವರ್ಷಗಳು. ಈ ಎರಡು ವರ್ಷ ಕಷ್ಟದ ವಿಷಯವನ್ನು ತೆಗೆದುಕೊಂಡು ಎಡವಿದರೂ ಯಾವ ನಷ್ಟವೂ ಇಲ್ಲ. ತಪ್ಪು ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ. ಹಾಗಿದ್ದೂ ಎಷ್ಟೋ ಖಾಸಗಿ ಶಾಲೆಗಳು ಒಂಬತ್ತರ ಪಾಠವನ್ನು ಡಿಸೆಂಬರಿಗೆ ಮುಗಿಸಿ ಹತ್ತರ ಪುಸ್ತಕ ಹಿಡಿಸುತ್ತವೆ. ಸರ್ಕಾರವೂ ಹಿಂದೆ ಬಿದ್ದಿಲ್ಲ. ಐದು, ಎಂಟು, ಒಂಬತ್ತನೇ ತರಗತಿಗಳಿಗೂ ಬೋರ್ಡ್ ಪರೀಕ್ಷೆ ತರಲು ಹೊರಟು, ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2024ರ ಏಪ್ರಿಲ್‌ನಲ್ಲಿ ತಡೆ ಬಿತ್ತು. ಆ ತಡೆಯಿಂದ ನನಗಂತೂ ಸಮಾಧಾನವಾಯಿತು.

ಈಗ ಗಣಿತದ ವಿಚಾರ. ನಾನು ಮೊದಲು ಹೇಳಿದ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಅನ್ವಯಿಸುವುದು ಇದಕ್ಕೆ. ವಿಜಯನಗರದ ಇತಿಹಾಸವನ್ನು ಐವತ್ತನೇ ವಯಸ್ಸಿನಲ್ಲಿ ಓದಿ ಸಂತೋಷಪಡಬಹುದು. ಬೀಜಗಣಿತವನ್ನು ಹಾಗೆ ಐವತ್ತಕ್ಕೆ ಶುರು ಮಾಡಿದವರನ್ನು ನಾನು ಕಂಡಿಲ್ಲ. ಎಂಟನೇ ತರಗತಿಯ ಹುಡುಗನಿಗೆ ಮೈನಸ್ 3, ಮೈನಸ್ 5 ಕೂಡಿದರೆ ಎಷ್ಟು ಎಂದು ಕೇಳಿ ನೋಡಿ. ‘ಮೈನಸ್ ಮೈನಸ್ ಪ್ಲಸ್’ ಎಂದು ರಾಗವಾಗಿ ಹೇಳಿ ಪ್ಲಸ್ 8 ಎಂದು ಬರೆಯುವವರು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಗುಣಾಕಾರದ ನಿಯಮವನ್ನು ಸಂಕಲನಕ್ಕೆ ಅಂಟಿಸಿಬಿಟ್ಟಿರುತ್ತಾರೆ. ಮೂರು ರೂಪಾಯಿ ಸಾಲ ಇತ್ತು, ಇನ್ನೈದು ರೂಪಾಯಿ ಸಾಲ ಮಾಡಿದೆ, ಈಗ ನಿನ್ನ ಹತ್ತಿರ ಎಂಟು ರೂಪಾಯಿ ಇದೆಯೇನೋ ಎಂದು ಕೇಳಿದರೆ ಅದೇ ಹುಡುಗ ನಕ್ಕು ತಿದ್ದಿಕೊಳ್ಳುತ್ತಾನೆ. ಐದು ನಿಮಿಷದ ಈ ಮಾತು ಎಂಟರಲ್ಲಿ ನಡೆಯದಿದ್ದರೆ ಒಂಬತ್ತರ ಬಹುಪದೋಕ್ತಿ, ಹತ್ತರ ವರ್ಗಸಮೀಕರಣ ಎಲ್ಲ ಅದೇ ತಪ್ಪಿನ ಮೇಲೆ ಏರುತ್ತ ಹೋಗುತ್ತವೆ. ಆಮೇಲೆ ‘ಇವನಿಗೆ ಗಣಿತ ತಲೆಗೆ ಹತ್ತಲ್ಲ’ ಎಂದು ತೀರ್ಪು ಕೊಟ್ಟು ಮುಗಿಸುತ್ತೇವೆ.

ರಾಜ್ಯ ಪಠ್ಯಕ್ರಮದಲ್ಲಿ ಗಣಿತ ಕಡ್ಡಾಯವಾಗಿರುವುದರಿಂದ ಇಂಥ ಮಗುವೂ ಹತ್ತರವರೆಗೆ ಅದರ ಜೊತೆ ಇರುತ್ತದೆ. ಐಸಿಎಸ್‌ಇಯಲ್ಲಿ ಹಾಗಿಲ್ಲ. ಅಲ್ಲಿ ಒಂಬತ್ತನೇ ತರಗತಿಗೆ ಬಂದಾಗ ಗಣಿತ, ವಿಜ್ಞಾನ, ಅರ್ಥಶಾಸ್ತ್ರ, ವಾಣಿಜ್ಯ ಮುಂತಾದವು ಇರುವ ಗುಂಪಿನಿಂದ ಎರಡನ್ನು ಆರಿಸಬೇಕು. ಶಾಲೆ ಒಪ್ಪಿದರೆ ಹದಿನಾಲ್ಕನೇ ವಯಸ್ಸಿಗೇ ಗಣಿತವನ್ನು ಬಿಟ್ಟುಬಿಡಬಹುದು. ಸಿಬಿಎಸ್‌ಇ 2020ರ ಹತ್ತನೇ ತರಗತಿ ಪರೀಕ್ಷೆಯಿಂದ ಸ್ಟ್ಯಾಂಡರ್ಡ್ ಮತ್ತು ಬೇಸಿಕ್ ಎಂಬ ಎರಡು ಗಣಿತ ಪತ್ರಿಕೆಗಳನ್ನು ತಂದಿತು. ಪಾಠ ಒಂದೇ, ತರಗತಿ ಒಂದೇ, ಪ್ರಶ್ನೆಪತ್ರಿಕೆಯ ಕಷ್ಟ ಮಾತ್ರ ಬೇರೆ. ಬೇಸಿಕ್ ಬರೆದವರು ಹನ್ನೊಂದರಲ್ಲಿ ಗಣಿತ ತೆಗೆದುಕೊಳ್ಳುವ ಹಾಗಿಲ್ಲ ಎಂದು ಮೊದಲು ಇದ್ದ ನಿಯಮವನ್ನು ಆಮೇಲೆ ಸಡಿಲಿಸಿದರು. ಇವೆರಡರಲ್ಲಿ ಸಿಬಿಎಸ್‌ಇ ದಾರಿಯೇ ನನಗೆ ಹೆಚ್ಚು ಒಪ್ಪಿಗೆ. ಭಯಪಡುವ ಮಗುವಿನ ಮೇಲಿನ ಹೊರೆ ಇಳಿಯುತ್ತದೆ, ಆದರೆ ಪಾಠದಿಂದ ಅದನ್ನು ಎಬ್ಬಿಸಿ ಹೊರಗೆ ಕಳಿಸುವುದಿಲ್ಲ. ಒಂಬತ್ತಕ್ಕೇ ಗಣಿತ ಬಿಟ್ಟ ಮಗುವಿಗೆ ಇಂಜಿನಿಯರಿಂಗ್ ತಪ್ಪುವುದು ಹಾಗಿರಲಿ. ಮುಂದೆ ಅರ್ಥಶಾಸ್ತ್ರವನ್ನೋ ಮನಃಶಾಸ್ತ್ರವನ್ನೋ ಗಂಭೀರವಾಗಿ ಓದಲು ಹೊರಟಾಗ ಸಂಖ್ಯಾಶಾಸ್ತ್ರ ಎದುರಾಗಿ ನಿಲ್ಲಿಸುತ್ತದೆ. ಆ ದಿನ ಬರುವಾಗ ಅದಕ್ಕೆ ಇಪ್ಪತ್ತು ದಾಟಿರುತ್ತದೆ.

ಹಾಗಾದರೆ ಮಗುವಿನ ಇಷ್ಟಕ್ಕೆ ಎಲ್ಲಿ ಜಾಗ? ತೃತೀಯ ಭಾಷೆಯ ಜಾಗವನ್ನು ಅದಕ್ಕೆ ಬಿಟ್ಟುಕೊಡಬಹುದು. ರಾಜ್ಯದ ಪಟ್ಟಿಯಲ್ಲಿ ಹಿಂದಿಯ ಜೊತೆಗೆ ತುಳು, ಕೊಂಕಣಿ, ಅರೇಬಿಕ್, ಸಂಸ್ಕೃತ ಎಲ್ಲ ಇವೆ. ಕೆಲವು ಸರ್ಕಾರಿ ಶಾಲೆಗಳಲ್ಲಿ ಒಂಬತ್ತರಿಂದ ತೃತೀಯ ಭಾಷೆಯ ಬದಲಿಗೆ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿ ಮಾಹಿತಿ ತಂತ್ರಜ್ಞಾನ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಥರದ ವೃತ್ತಿಪರ ವಿಷಯ ಕಲಿಯುವ ಅವಕಾಶವಿದೆ. ಇಂಜಿನ್ ಬಿಚ್ಚಿ ಜೋಡಿಸುವ ಹುಡುಗಿಯನ್ನು ‘ದಡ್ಡರ ಸಬ್ಜೆಕ್ಟ್’ ಎಂದು ಅದರಿಂದ ದೂರ ಇಡುವುದು ನಮ್ಮ ಜಾತಿ ಮನಸ್ಸಿನ ಇನ್ನೊಂದು ಮುಖ. ಕೈಗೆ ಎಣ್ಣೆ ಹತ್ತುವ ಕೆಲಸವನ್ನು ಕೀಳೆಂದು ನೋಡುವವರು ವಿಜ್ಞಾನದ ಪ್ರಯೋಗವನ್ನೂ ಪುಸ್ತಕದಲ್ಲಿ ಬರೆಸಿಯೇ ಮುಗಿಸುತ್ತಾರೆ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಎರಡು ಭಾಷೆಗಳ ಸೂತ್ರವನ್ನು ಶಿಫಾರಸು ಮಾಡಿದೆ. ಅದು ಜಾರಿಯಾಗಿ ಒಂದು ಜಾಗ ತೆರವಾದರೆ ಅಲ್ಲಿಗೆ ಮತ್ತೊಂದು ಪರೀಕ್ಷೆಯನ್ನು ತಂದು ತುಂಬದಿರಲಿ. ಚಿತ್ರಕಲೆ, ಸಂಗೀತ, ಕೃಷಿ, ಮರಗೆಲಸ, ಅಕ್ಕಪಕ್ಕದ ಯಾವುದಾದರೂ ಭಾಷೆ, ಏನನ್ನಾದರೂ ಮಗು ತಾನೇ ಕೇಳಿ ಪಡೆಯುವಂತಾಗಲಿ.

ಆದರೆ ಪಟ್ಟಿಯಲ್ಲಿ ಹತ್ತು ವಿಷಯ ಇದ್ದ ಮಾತ್ರಕ್ಕೆ ಆಯ್ಕೆ ಇದೆಯೆಂದು ಅರ್ಥವಲ್ಲ. ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಆಯ್ಕೆಯನ್ನು ನಿರ್ಧರಿಸುವುದು ವರ್ಗಾವಣೆಯ ಆದೇಶ. ಗಣಿತ ಕಲಿಸುವ ಪಿಸಿಎಂ ಮೇಷ್ಟ್ರು ಬೇರೆ ಊರಿಗೆ ಹೋದರೆ ಜೀವವಿಜ್ಞಾನ ಕಲಿಸುವ ಸಿಬಿಝಡ್ ಮೇಡಂ ಗಣಿತವನ್ನೂ ನೋಡಿಕೊಳ್ಳಬೇಕು, ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಮಳೆಗಾಲ ಅರ್ಧ ಕಳೆದಿರುತ್ತದೆ. ಚಿತ್ರಕಲೆಗೆ, ಸಂಗೀತಕ್ಕೆ ಶಿಕ್ಷಕರೇ ಇಲ್ಲದ ಶಾಲೆಗಳು ಎಷ್ಟೋ. ಪೇಟೆಯ ಮಗು ವಿಷಯ ಆರಿಸುತ್ತದೆ, ಹಳ್ಳಿಯ ಮಗು ಸಿಕ್ಕಿದ್ದನ್ನು ಓದುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂಬತ್ತರಿಂದ ಹನ್ನೆರಡರವರೆಗೆ ವಿಷಯಗಳ ನಡುವಿನ ಗೋಡೆಗಳನ್ನು ತೆಗೆಯುವ ಮಾತಾಡಿತು. ಶಿಕ್ಷಕರಿಲ್ಲದ ಶಾಲೆಗೆ ಆ ಮಾತಿನಿಂದ ಆಗುವ ಉಪಕಾರ ಏನೂ ಇಲ್ಲ.

ಪೋಷಕರಲ್ಲಿ ನನ್ನ ಬೇಡಿಕೆ ಇಷ್ಟೇ. ಅರ್ಜಿ ತುಂಬುವ ಮೊದಲು ಒಂದು ಸಂಜೆ ಮಗುವಿನ ಜೊತೆ ಕುಳಿತು, ಅದು ಏಳನೇ ತರಗತಿಯಲ್ಲಿ ಬರೆದ ನೋಟ್ ಪುಸ್ತಕಗಳನ್ನು ತೆರೆದು ನೋಡಿ. ಯಾವ ಭಾಷೆಯಲ್ಲಿ ತನ್ನದೇ ಮಾತು ಬರೆದಿದೆ, ಯಾವುದರಲ್ಲಿ ಗೈಡಿನ ಮಾತನ್ನು ಇಳಿಸಿದೆ ಎಂಬುದು ಅಲ್ಲೇ ಕಾಣುತ್ತದೆ. ಗಣಿತದಲ್ಲಿ ಎಲ್ಲಿ ತಪ್ಪಿದೆ ಎಂಬುದೂ ಕಾಣುತ್ತದೆ. ಆಮೇಲೆ ಮಗುವನ್ನೇ ಕೇಳಿ ನಿರ್ಧರಿಸಿ. ಸರ್ಕಾರದಲ್ಲಿ ಕೇಳುವುದು ಇನ್ನೂ ಸರಳ: ಪ್ರೌಢಶಾಲೆಗಳಲ್ಲಿ ಖಾಲಿ ಇರುವ ಗಣಿತ, ಭಾಷೆ ಮತ್ತು ಚಿತ್ರಕಲಾ ಶಿಕ್ಷಕರ ಹುದ್ದೆಗಳನ್ನು ಮೇ ತಿಂಗಳು ಮುಗಿಯುವುದರೊಳಗೆ ತುಂಬಿ.